ಅಣ್ಣನ ಕೊನೆಯ ವೈರಿಂಗ್

ನಾನು ನಕ್ಷೆ ಬರೆಯುತ್ತಿದ್ದೆ, ಅಣ್ಣ ಅದನ್ನು ಗೋಡೆಗೆ ಇಳಿಸುತ್ತಿದ್ದ. ಅಣ್ಣ ತಂಗಿ ಇಬ್ಬರೂ ಅನ್ನ ತಿಂದದ್ದು ಹೀಗೆ. ಒಂದು ಕಟ್ಟಡಕ್ಕೆ ಎಷ್ಟು ಕರೆಂಟು ಬೇಕು, ಯಾವ ಕೋಣೆಗೆ ಎಂಥ ದೀಪ, ವೈರು ಯಾವ ದಾರಿಯಲ್ಲಿ ಹೋಗಬೇಕು, ಮೇನ್ ಬೋರ್ಡು ಎಲ್ಲಿರಬೇಕು ಎಂಬುದನ್ನೆಲ್ಲ ಗೋಡೆ ಏಳುವ ಮೊದಲೇ ಲೆಕ್ಕ ಹಾಕಿ ಬರೆದುಕೊಡುವುದು ನನ್ನ ಕೆಲಸ. ಚಾಮರಾಜನಗರದಲ್ಲಿ ಬಟ್ಟೆ ಹೊಲಿಯುವ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನನ್ನ ಕಂಪ್ಯೂಟರು, ಮೇಜು. ಅಣ್ಣ ಲೈಸೆನ್ಸು ಪಡೆದ ಎಲೆಕ್ಟ್ರಿಕಲ್ ಕಂಟ್ರಾಕ್ಟರು. ಐಟಿಐ ಓದಿ, ಮನೆಮನೆಗೆ ವೈರಿಂಗ್ ಮಾಡುತ್ತ ಮೇಲೆ ಬಂದವನು. ನಾನು ಪಿಯುಸಿ ಮುಗಿಸಿದಾಗ, ಮುಂದೆ ಓದಿಸುವುದೋ ಬೇಡವೋ ಎಂದು ಅಪ್ಪ ಅಳೆದು ಸುರಿಯುತ್ತಿದ್ದಾಗ, "ಇವ್ಳು ಇಂಜಿನಿಯರ್ರೇ ಆಗ್ಲಿ ಬುಡಪ್ಪ, ನಂಗೂ ಒಂದ್ ಜೊತೆ ಆಯ್ತದ" ಎಂದವನು ಅವನೇ.

ಅಣ್ಣ ಮಾತಿನ ಮಲ್ಲ. ಅವನಿದ್ದ ಕಡೆ ರೇಡಿಯೋ ಬೇಕಿರಲಿಲ್ಲ. ಜನ ಸಿಗದಿದ್ದರೆ ವೈರಿನ ಜೊತೆಯೇ ಮಾತಾಡುತ್ತಿದ್ದ. ಪೈಪಿನೊಳಗೆ ವೈರು ಎಳೆಯುವಾಗ ಅದು ಎಲ್ಲೋ ತಿರುವಿನಲ್ಲಿ ನಿಂತುಬಿಟ್ಟರೆ, "ಬಾರವ್ವ, ಬಾ, ಅದ್ಯಾಕ್ ಮುನುಸ್ಕೊಂಡು ಕೂತ್ಕೊಂಡೈ, ಬಾರವ್ವ" ಎಂದು ತವರಿಗೆ ಹೋಗಿ ಕೂತ ಸೊಸೆಯನ್ನು ಕರೆಯುವವನಂತೆ ಕರೆಯುತ್ತಿದ್ದ. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. ಸಣ್ಣ ಹುಡುಗಿಯನ್ನು ಕರೆದ ಹಾಗೆ ಅಮ್ಮಿ ಎನ್ನುತ್ತಿದ್ದ. ನನ್ನ ಕೂದಲು ನರೆಯತೊಡಗಿದ ಮೇಲೂ, ಸೂಟು ಹಾಕಿದ ಬಿಲ್ಡರುಗಳ ಎದುರಿಗೂ, "ಅಮ್ಮೀ, ಬಾ ಇಲ್ಲಿ, ಸಾಹೇಬ್ರಿಗೆ ಒಸಿ ಬುಡ್ಸಿ ಏಳು" ಎಂದೇ. ನಾನು ಎಷ್ಟೋ ಸಲ ಕಣ್ಣು ಬಿಟ್ಟಿದ್ದೇನೆ. ಅವನು ನಗುತ್ತಿದ್ದ.

ಗುಂಡ್ಲುಪೇಟೆಯ ಕಟ್ಟಡದ ಕೆಲಸ ಬಂದದ್ದು ಅಣ್ಣನ ಮಾತಿನಿಂದಲೇ. ಪೇಟೆಬೀದಿಯ ಒಂದು ಇಕ್ಕಟ್ಟು ಮಳಿಗೆಯಲ್ಲಿ ಸೀರೆ ವ್ಯಾಪಾರ ಮಾಡಿಕೊಂಡಿದ್ದ ಯಜಮಾನರೊಬ್ಬರು ಹೆದ್ದಾರಿಯ ಬದಿಯಲ್ಲಿ ಮೂರಂತಸ್ತಿನ ಕಟ್ಟಡ ಎಬ್ಬಿಸಲು ಹೊರಟಿದ್ದರು. ಕೆಳಗೆ ಬಾಡಿಗೆ ಮಳಿಗೆಗಳು, ಮೊದಲ ಮಹಡಿಯಲ್ಲಿ ಅವರದೇ ದೊಡ್ಡ ಸೀರೆ ಅಂಗಡಿ, ಅದರ ಮೇಲೆ ನಾಮಕರಣ, ಸೀಮಂತಕ್ಕೆ ಬಾಡಿಗೆಗೆ ಕೊಡುವಂಥ ಸಣ್ಣ ಹಾಲು. ಸುತ್ತಲ ಹಳ್ಳಿಯವರಲ್ಲದೆ ವಯನಾಡಿನ ಕಡೆಯ ಗಿರಾಕಿಗಳೂ ಅವರಿಗೆ ಬಹಳ. ಅವರ ಜೊತೆ ಮಲಯಾಳದಲ್ಲಿ, ನಮ್ಮ ಜೊತೆ ಕನ್ನಡದಲ್ಲಿ, ಒಂದೇ ಉಸಿರಿಗೆ ಎರಡನ್ನೂ ಬೆರೆಸಿ ಆಡುವ ಮನುಷ್ಯ.

ಮೊದಲ ಭೇಟಿಯಲ್ಲೇ ಅವರು ತಮ್ಮ ಆಸೆ ಹೇಳಿದರು.

"ನೋಡಿ ಮೇಡಂ, ರೋಡಲ್ಲಿ ಓಗೋರು ಗಾಡಿ ನಿಲ್ಲಿಸ್ಬುಟ್ಟು ನೋಡ್ಬೇಕು. ಅಂಗೆ ಜಗಜಗಾ ಅನ್ನಂಗೆ ಲೈಟ್ ಹಾಕ್ಬುಡಿ. ಸೀಲಿಂಗ್ ತುಂಬ."

ಬೆಳಕು ಹೆಚ್ಚಾದ ಮಾತ್ರಕ್ಕೆ ಬಟ್ಟೆ ಚೆನ್ನಾಗಿ ಕಾಣುವುದಿಲ್ಲ ಎಂದು ನಾನು ವಿವರಿಸಲು ಹೊರಟೆ. ಕೆಲವು ದೀಪಗಳಲ್ಲಿ ಬಣ್ಣ ಇದ್ದ ಹಾಗೆ ಕಾಣುತ್ತದೆ, ಕೆಲವು ಅಗ್ಗದ ಬಿಳಿ ದೀಪಗಳಲ್ಲಿ ಕೆಂಪು ಸತ್ತುಹೋಗುತ್ತದೆ, ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ. ಅದಕ್ಕೊಂದು ಅಳತೆ ಇದೆ ಎಂದು ಅಂಕಿಗಳನ್ನು ಹೇಳಿದೆ. ಯಜಮಾನರು ಆಕಳಿಸಿದರು. ಅಣ್ಣ ನನ್ನ ಮಾತು ಮುಗಿಯುವವರೆಗೆ ಕಾದು, ಮೆಲ್ಲಗೆ ಬಾಯಿ ಹಾಕಿದ.

"ಯಜಮಾನ್ರೇ, ಹೆಂಗಸ್ರು ನಿಮ್ಮಂಗ್ಡೀಲಿ ಸೀರೆ ತಕ್ಕೊಂಡು ಬಾಗ್ಲತ್ರ ಓಡ್ತರಲ್ಲ, ಯಾಕೇಳಿ?"

"ಬಣ್ಣ ನೋಡಕ್ಕೆ."

"ಅಂದ್ರ ಒಳಗಿರೂ ಲೈಟ್ ಮೇಲ ಅವ್ರಿಗೆ ನಂಬ್ಕ ಇಲ್ಲ ಅಂತಾಯ್ತು. ಮನ್ಗೋದ್ ಮೇಲ ಬಣ್ಣ ಬ್ಯಾರೆ ಕಂಡ್ರ ಬಯ್ಯದು ಯಾರ್ನ? ಲೈಟ್ನ ಬಯ್ಯಲ್ಲ, ನಿಮ್ನ."

ಯಜಮಾನರು ನಕ್ಕರು. ಮರುದಿನ ಅಣ್ಣ ಒಂದು ಹಲಗೆಗೆ ಎರಡು ಹೋಲ್ಡರ್ ಬಡಿದು, ಎರಡು ಬಗೆಯ ದೀಪ ಸಿಕ್ಕಿಸಿಕೊಂಡು ಅವರ ಹಳೆಯ ಅಂಗಡಿಗೇ ಹೋದ. ನಾನೂ ಹೋಗಿದ್ದೆ. ಒಂದು ಕುಂಕುಮಗೆಂಪಿನ ಸೀರೆ ಬಿಡಿಸಿ, ಒಂದು ದೀಪ ಆರಿಸಿ ಇನ್ನೊಂದು ಹೊತ್ತಿಸಿದ. ಅರ್ಧ ಗಳಿಗೆಯ ಹಿಂದೆ ತುಕ್ಕಿನ ಹಾಗಿದ್ದ ಸೀರೆಗೆ ಜೀವ ಬಂತು. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಹತ್ತಿರ ಬಂದು ನಿಂತರು. "ಇನ್ನೊಂದ್ ಕಿತ ಆರ್ಸಣ್ಣ" ಎಂದು ಒಬ್ಬಳು ಕೇಳಿದಳು. ಅಣ್ಣ ಆರಿಸಿ ಹೊತ್ತಿಸಿ ಆರಿಸಿ ಹೊತ್ತಿಸಿ, ಮೋಡಿಯವನ ಹಾಗೆ ಕೈ ಆಡಿಸಿದ.

"ಆಯ್ತು ಕಣಣ್ಣ, ನಿನ್ ತಂಗಿ ಬರ್ದಂಗೇ ಮಾಡು" ಎಂದರು ಯಜಮಾನರು.

ಆಮೇಲಿನ ದಿನಗಳಲ್ಲಿ ನಾನು ಆ ಮಹಡಿಯನ್ನು ಬರೆದಷ್ಟು ಪ್ರೀತಿಯಿಂದ ಇನ್ನಾವುದನ್ನೂ ಬರೆದಿಲ್ಲ. ಸೀರೆ ಬಿಡಿಸಿ ತೋರಿಸುವ ಗಾದಿಗಳ ಮೇಲೆ ಬಣ್ಣ ಕೆಡಿಸದ ದೀಪಗಳು, ಓಡಾಡುವ ದಾರಿಯಲ್ಲಿ ಕಣ್ಣಿಗೆ ಹಿತವಾದ ಕಡಿಮೆ ಬೆಳಕು, ಗೋಡೆಯ ಗೂಡುಗಳಿಗೆ ಒಳಗಿನಿಂದಲೇ ಬೆಳಕು. ಕನ್ನಡಿಯ ಎರಡು ಪಕ್ಕದಲ್ಲಿ ದೀಪ, ತಲೆಯ ಮೇಲಲ್ಲ. ಮೇಲಿನಿಂದ ಬಿದ್ದರೆ ಸೀರೆ ಹೊದ್ದು ನೋಡುವವಳ ಕಣ್ಣ ಕೆಳಗೆ ನೆರಳು ಬಿದ್ದು ಮುಖ ದಣಿದಂತೆ ಕಾಣುತ್ತದೆ. "ಪಾಪ, ದುಡ್ಡು ಕೊಟ್ಟು ಸೀರೆ ತಕ್ಕೊಳವ್ಳು ತನ್ ಮಕ ನೋಡ್ಕೊಂಡು ಯಾಕ್ ಬೇಜಾರಾಗ್ಬೇಕು" ಎಂದಿದ್ದ ಅಣ್ಣ.

ಕಟ್ಟಡ ಏಳುತ್ತ ಹೋಯಿತು. ಪ್ರತಿ ತಾರಸಿಗೂ ಕಾಂಕ್ರೀಟು ಸುರಿಯುವ ಮೊದಲು ಅಣ್ಣ ತನ್ನ ಕೆಲಸಗಾರರಿಬ್ಬರ ಜೊತೆ ಕಬ್ಬಿಣದ ನಡುವೆ ಪೈಪು ಹಾಸಿ ಕಟ್ಟಿದ. ಗೋಡೆಗಳು ಮೇಲೆದ್ದ ಮೇಲೆ ಅವುಗಳನ್ನು ಕೊರೆದು ಪೈಪು ಇಳಿಸುವ ಕೆಲಸ ಶುರುವಾಯಿತು. ಮೊದಲ ಮಹಡಿಯ ಗೋಡೆಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ ದಿನ ಅದಾಯಿತು.

ಬೆಳಗಿನ ಟೀ ಆಗಿತ್ತು. ನಾನು ಮೆಟ್ಟಿಲ ಬಳಿ ಯಜಮಾನರಿಗೆ ಏನೋ ತೋರಿಸುತ್ತಿದ್ದೆ. ಒಳಗಿನಿಂದ ಅಣ್ಣನ ದನಿ ಕೇಳಿಸಿತು.

"ಆ ಮ್ಯಾಕೆ ಕೊಡ್ಲಾ."

ಮೇಕೆ ಎಂದದ್ದು ಕೇಳಿ ಕೆಲಸಗಾರರು ನಕ್ಕರು. ಅವನ ಕೈಕೆಳಗೆ ವರ್ಷಗಟ್ಟಲೆ ದುಡಿದಿದ್ದ ಹಿರಿಯವನು, "ಮ್ಯಾಕೆ ಮಧ್ಯಾನ್ಕೆ ಕಣಣ್ಣ, ಊಟಕ್ಕೆ" ಎಂದ. ಎಲ್ಲರೂ ಇನ್ನಷ್ಟು ನಕ್ಕರು. ಅಣ್ಣ ನಗಲಿಲ್ಲ.

"ಮ್ಯಾಕೆ... ಮಳ... ಅದು ಕಣ್ಲಾ, ಅದು..."

ದನಿಯಲ್ಲಿ ಏನೋ ಜಾರಿದಂತಿತ್ತು. ನಾನು ಒಳಗೆ ಓಡಿದೆ. ಅಣ್ಣ ಗೋಡೆಗೆ ಎಡಗೈ ಊರಿ ನಿಂತಿದ್ದ. ಬಲಗೈಯಿಂದ ಸೀಮೆಸುಣ್ಣ ಬಿದ್ದುಹೋಗಿತ್ತು. ಬಾಯಿಯ ಒಂದು ತುದಿ ಕೆಳಗಿಳಿದಿತ್ತು. ನನ್ನನ್ನು ನೋಡಿ ಏನೋ ಹೇಳಿದ. ಅದು ಮಾತಿನ ಏರಿಳಿತದಲ್ಲೇ ಇತ್ತು, ಪ್ರಶ್ನೆ ಕೇಳಿದ ಹಾಗೇ ಇತ್ತು, ಆದರೆ ಅದರಲ್ಲಿ ಒಂದು ಪದವೂ ಇರಲಿಲ್ಲ.

ಯಜಮಾನರ ಕಾರಿನಲ್ಲಿ ಮೈಸೂರಿಗೆ ಹೊರಟೆವು. ಅಣ್ಣನ ಒಬ್ಬಳೇ ಮಗಳನ್ನು ಬೇಗೂರಿಗೆ ಕೊಟ್ಟಿತ್ತು. ಫೋನು ಮಾಡಿದೆ. ಬೇಗೂರಿನಲ್ಲಿ ಅವಳು ಹೆದ್ದಾರಿಯ ಅಂಚಿಗೇ ಬಂದು ನಿಂತಿದ್ದಳು, ಕೈಗೆ ಅಂಟಿದ್ದ ಹಿಟ್ಟು ಹಾಗೇ ಇತ್ತು. ಹತ್ತಿ ಕೂತು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವನು ಅವಳ ಮುಖ ನೋಡುತ್ತ ದಾರಿಯುದ್ದಕ್ಕೂ ಆ ಪದವಿಲ್ಲದ ಮಾತಾಡಿದ. ಅವಳು "ಊಂ ಅಪ್ಪ, ಊಂ ಅಪ್ಪ" ಎನ್ನುತ್ತಿದ್ದಳು. ಮುಂದಿನ ಸೀಟಿನಲ್ಲಿದ್ದ ನಾನು ಹಿಂತಿರುಗಿ ನೋಡಲಾರದೆ ಹೋದೆ.

ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ ಎಂದರು ಮೈಸೂರಿನ ಡಾಕ್ಟರು. ಮಾತು ಹುಟ್ಟುವ ಜಾಗವೇ ಅದಂತೆ. ಜೀವ ಉಳಿಯಿತು. ಕಾಲು ಎಳೆದು ಹಾಕಿದರೂ ನಡೆಯುವಂತಾದ. ಬಲಗೈ ಬರಲಿಲ್ಲ. ಮಾತೂ ಬರಲಿಲ್ಲ.

ಹರದನಹಳ್ಳಿಯ ಮನೆಗೆ ಕರೆತಂದ ಕೆಲವು ದಿನಗಳ ಮೇಲೆ ಒಂದು ಪದ ಮಾತ್ರ ಹೊರಬಿತ್ತು. "ಬುಡು." ಅದೇಕೆ ಆ ಪದವೇ ಉಳಿಯಿತೋ ಯಾರಿಗೂ ತಿಳಿಯದು. ಇಂಥವರಿಗೆ ಹೀಗೆ ಒಂದೇ ಮಾತು ನಿಂತುಬಿಡುವುದುಂಟು, ಏನು ಹೇಳಹೊರಟರೂ ಅದೇ ಬರುತ್ತದೆ, ಅವರಿಗೆ ನೀವು ಆಡುವುದೆಲ್ಲ ಅರ್ಥವಾಗುತ್ತದೆ ಎಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ. ನೀರು ಬೇಕಾದರೂ "ಬುಡು". ಮಗಳ ವಿಚಾರ ಕೇಳುವುದಕ್ಕೂ "ಬುಡು?" ಸಿಟ್ಟು ಬಂದರೆ "ಬುಡ್ ಬುಡ್ ಬುಡು!" ನೋಡಲು ಬಂದ ಊರವರು ಹಣ್ಣು ಮುಂದೆ ಹಿಡಿದರೆ ಅಣ್ಣ ಸಂತೋಷದಿಂದ "ಬುಡು" ಎನ್ನುತ್ತಿದ್ದ. ಬೇಡ ಎನ್ನುತ್ತಾನೆ ಎಂದುಕೊಂಡು ಅವರು ಹಣ್ಣನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅತ್ತಿಗೆ ಅಡುಗೆ ಕೋಣೆಯಿಂದಲೇ ಕೂಗುತ್ತಿದ್ದಳು: "ಕೊಡಿ ಕೊಡಿ, ಬೇಕೂಂತ ಹೇಳ್ತಾವ್ರೆ."

ಅತ್ತಿಗೆ ಅಣ್ಣನಿಗೆ ಪೂರ್ತಿ ವಿರುದ್ಧ. ಅವಳ ಬಾಯಿಂದ ಮಾತು ಹೊರಡುವುದೇ ಅಪರೂಪವಾಗಿತ್ತು. ಇಷ್ಟು ವರ್ಷ ಅವನು ಆಡಿದ್ದು, ಅವಳು ಕೇಳಿದ್ದು. ಈಗ ಅವಳು ಮಾತಾಡಲು ಕಲಿತಳು. ಅವನ ಎದುರಿಗೆ ಕೂತು ಹಾಲಿನವನು ಏನೆಂದ, ಯಾರ ಮನೆಯ ಹಸು ಕರು ಹಾಕಿತು, ಯಾವ ಬಸ್ಸು ಕೆಟ್ಟು ನಿಂತಿತು ಎಂದು ಒಂದೊಂದನ್ನೇ ಹುಡುಕಿ ಹುಡುಕಿ ಹೇಳುವಳು. ಅಣ್ಣ ಕೇಳುತ್ತ ಕೂತಿರುವನು. ಆ ಮನೆಗೆ ಹೋದಾಗಲೆಲ್ಲ ಹೊಸ್ತಿಲಲ್ಲೇ ನನಗೆ ಹೆಜ್ಜೆ ತಡೆಯುತ್ತಿತ್ತು. ತಪ್ಪು ಮನೆಗೆ ಬಂದೆನೇನೋ ಅನ್ನಿಸುತ್ತಿತ್ತು. ಮೊದಲೆಲ್ಲ ಬೀದಿ ತಿರುವಿನಲ್ಲೇ ಅವನ ದನಿ ಕೇಳುತ್ತಿತ್ತಲ್ಲ.

ಕೆಲಸ ನಿಲ್ಲಿಸುವಂತಿರಲಿಲ್ಲ. ಅಣ್ಣನ ಕೆಲಸಗಾರರಿಬ್ಬರನ್ನು ಕಟ್ಟಿಕೊಂಡು ನಾನೇ ದಿನಾ ಗುಂಡ್ಲುಪೇಟೆಗೆ ಹೋಗತೊಡಗಿದೆ. ಬೆಳಗಿನ ಬಸ್ಸು, ತೆರಕಣಾಂಬಿಯಲ್ಲಿ ಹತ್ತುವ ಕಾಲೇಜಿನ ಮಕ್ಕಳ ಗದ್ದಲ, ಅರಿಸಿನದ ಹೊಲಗಳು, ಮತ್ತೆ ಸಂಜೆ ಅದೇ ದಾರಿ. ಕೆಲಸಗಾರರು ಒಳ್ಳೆಯವರು. ಆದರೆ ಅಣ್ಣನಿಲ್ಲದ ಆ ಜಾಗದಲ್ಲಿ ಅವರೂ ಮಾತು ಕಳೆದುಕೊಂಡವರಂತೆ ಇದ್ದರು. ಗೋಡೆ ಕೊರೆಯುವ ಯಂತ್ರ ನಿಂತ ಕೂಡಲೇ ಕಟ್ಟಡ ಬಿಕೋ ಎನ್ನುತ್ತಿತ್ತು.

ಯಜಮಾನರ ಮನಸ್ಸೂ ನಿಧಾನವಾಗಿ ಬದಲಾಯಿತು. ಅವರನ್ನು ದೂರುವಂತಿಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದವರು ಅವರೇ. ಬೇರೆ ಕಂಟ್ರಾಕ್ಟರನ್ನು ಕರೆಸದೆ ನಮಗೇ ಕೆಲಸ ಉಳಿಸಿದವರೂ ಅವರೇ. ಆದರೆ ಕಟ್ಟಡ ಕಟ್ಟುವವರ ಕಿವಿಗೆ ದಿನಕ್ಕೊಬ್ಬರು ಒಂದೊಂದು ಊದುತ್ತಾರೆ. ಒಂದು ದಿನ ಬಂದು, ಮೇನ್ ಬೋರ್ಡನ್ನು ಮೆಟ್ಟಿಲ ಕೆಳಗೆ ಹಾಕಿ, ನಾನು ಗುರುತಿಸಿದ ಪ್ರತ್ಯೇಕ ಕೋಣೆಯನ್ನು ಇನ್ನೊಂದು ಮಳಿಗೆ ಮಾಡಿಕೊಳ್ಳುತ್ತೇನೆ ಎಂದರು.

"ಆಗಲ್ಲ" ಎಂದೆ. "ಮೂರು ಅಂತಸ್ತಿಗೂ ಇರೋದು ಇದೊಂದೇ ಮೆಟ್ಟಿಲು. ಬೋರ್ಡಿಗೆ ಬೆಂಕಿ ಹತ್ತಿದರೆ ಮೇಲಿದ್ದ ಜನ ಇಳಿಯೋದು ಎಲ್ಲಿಂದ? ಹಾಲ್‌ನಲ್ಲಿ ಮಕ್ಕಳು ಮರಿ ಸೇರಿರುತ್ತಾರೆ."

"ಎಲ್ಲಾ ಕಡೆ ಮೆಟ್ಲ ಕೆಳಗೇ ಹಾಕವ್ರೆ ಮೇಡಂ."

"ನಾನು ಹಾಕೋದಿಲ್ಲ."

ಯಜಮಾನರ ಮುಖ ಕೆಂಪಗಾಯಿತು. "ನೀವು ಬೋ ಖಡಕ್ಕು. ನಿಮ್ಮಣ್ಣನಂಗಲ್ಲ" ಎಂದು ಹೊರಟುಹೋದರು.

ಅದು ನಿಜವೇ. ಅಣ್ಣನಾಗಿದ್ದರೆ ಇದೇ ಮಾತನ್ನು ನಗಿಸಿ ಹೇಳುತ್ತಿದ್ದ, ಅವರೂ ನಕ್ಕು ಒಪ್ಪುತ್ತಿದ್ದರು. ನಾನು ಹೇಳಿದ್ದಕ್ಕೂ ಒಪ್ಪಿದರು, ಆದರೆ ಮುನಿಸಿಕೊಂಡು. ಬೋರ್ಡು ತನ್ನ ಕೋಣೆಯಲ್ಲೇ ಉಳಿಯಿತು. ಅದಾದ ಮೇಲೆ ಅವರು ನನ್ನನ್ನು ಕೇಳದೆಯೇ ಸೀರೆ ಅಂಗಡಿಯ ಸೀಲಿಂಗಿಗೆ ಚೌಕದ ಬಿಳಿ ದೀಪಗಳನ್ನು ಒಟ್ಟಿಗೆ ತರಿಸಿಬಿಟ್ಟರು. ಅವರ ಭಾಮೈದ ಮೈಸೂರಿನಲ್ಲಿ ಯಾವುದೋ ಷೋರೂಮು ನೋಡಿ ಬಂದಿದ್ದನಂತೆ. ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಪೇರಿಸಿ ನಿಂತಿದ್ದವು. ಹಲಗೆಯ ಮೇಲಿನ ಎರಡು ದೀಪಗಳನ್ನು ನೆನಪಿಸಿದೆ. "ಅದೆಲ್ಲ ಸರಿ ಮೇಡಂ, ಕಾಲ ಎಂಗದೆ ಅಂಗೆ ಓಗ್ಬೇಕು" ಎಂದರು. ಹಟ ಹಿಡಿಯಲು ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಕಡೆಗೆ ಕನ್ನಡಿಯ ಪಕ್ಕದ ದೀಪಗಳನ್ನಾದರೂ ಬಿಡಿ ಎಂದು ಕೇಳಿಕೊಂಡೆ. ಅದಕ್ಕೆ ಒಪ್ಪಿದರು.

ಈ ನಡುವೆ ಒಂದು ಸೋಮವಾರ ಅತ್ತಿಗೆ ಫೋನು ಮಾಡಿದಳು.

"ಹಾಡ್ಬುಟ್ರು ಕಣವ್ವ! ನಿಮ್ಮಣ್ಣ ಹಾಡ್ಬುಟ್ರು!"

ಪಕ್ಕದ ಮನೆಯಲ್ಲಿ ಮಾದಪ್ಪನ ಭಜನೆ ಇಟ್ಟುಕೊಂಡಿದ್ದರು. ಜಗುಲಿಯಲ್ಲಿ ಕೂತಿದ್ದ ಅಣ್ಣ ತಾಳಕ್ಕೆ ತಲೆಯಾಡಿಸುತ್ತ ಇದ್ದಕ್ಕಿದ್ದಂತೆ ಅವರ ಜೊತೆ ದನಿಗೂಡಿಸಿದನಂತೆ. ಒಂದು ಪಲ್ಲವಿ ಪೂರ್ತಿ, ಪದ ಪದವೂ ನೆಟ್ಟಗೆ. ನಾನು ಸಿಕ್ಕಿದ ಬಸ್ಸು ಹತ್ತಿ ಹೋದೆ. ನಾನು ಹೋಗುವಷ್ಟರಲ್ಲಿ ಮನೆ ತುಂಬ ಜನ. ಹಾಡಿಸಿ ನೋಡಿದರು. ನಿಜ, ಯಾರಾದರೂ ಎತ್ತಿಕೊಟ್ಟರೆ ಅಣ್ಣ ಹಾಡುತ್ತಿದ್ದ. ಮಾದಪ್ಪನ ಹೆಸರು ಅವನ ಬಾಯಲ್ಲಿ ಸ್ಪಷ್ಟವಾಗಿ ಬರುತ್ತಿತ್ತು. ಅತ್ತಿಗೆ ಅಳುತ್ತ ನಗುತ್ತ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಈಗ ನೀರು ಅನ್ನಿ. ನೀರು. ಒಂದ್ ಸಲ" ಎಂದಳು. ಅಣ್ಣ ಬಾಯಿ ತೆರೆದ. ಕತ್ತಿನ ನರಗಳು ಉಬ್ಬಿದವು.

"ಬುಡು" ಎಂದ.

ಹಾಡು ಮಿದುಳಿನ ಬೇರೊಂದು ಕಡೆಯಿಂದ ಬರುತ್ತದಂತೆ, ಅದನ್ನೇ ಹಿಡಿದು ಕೆಲವರು ಮಾತಿಗೆ ಮರಳುವುದೂ ಉಂಟಂತೆ. ತಿಂಗಳುಗಟ್ಟಲೆ ಆ ಆಸೆಯಲ್ಲಿ ರೈಲು ಹತ್ತಿ ಮೈಸೂರಿಗೆ ಕರೆದುಕೊಂಡು ಹೋಗಿ ಬಂದೆವು. ಅಣ್ಣ ಮರಳಲಿಲ್ಲ. ಹಾಡು ಹಾಡಾಗಿಯೇ ಉಳಿಯಿತು.

ಗೋಡೆಯೊಳಗೆ ವೈರೆಲ್ಲ ಎಳೆದು ಮುಗಿದ ಮೇಲೆ, ದೀಪ ಕೂರಿಸುವ ಮೊದಲು, ಅವನಿಗೊಮ್ಮೆ ಕಟ್ಟಡ ತೋರಿಸಬೇಕು ಅನ್ನಿಸಿತು. ಕಾರು ಮಾಡಿಕೊಂಡು ಹೋದೆ. ಕೆಲಸಗಾರರು ಎದ್ದು ಬಂದು ಕೈ ಹಿಡಿದುಕೊಂಡರು. ಯಜಮಾನರು, ಕಿವುಡರ ಜೊತೆ ಆಡುವ ಹಾಗೆ ಗಟ್ಟಿಯಾಗಿ, "ಎಂಗಿದ್ದೀರಣ್ಣಾ? ಊಟ ಸೇರ್ತದಾ?" ಎಂದರು. ಅಣ್ಣ ಎಡಗೈ ಎತ್ತಿ ನಮಸ್ಕಾರ ಮಾಡಿದ. ಒಂದೊಂದೇ ಮೆಟ್ಟಿಲು ಹತ್ತಿಸಿ ಮೊದಲ ಮಹಡಿಗೆ ಕರೆದೊಯ್ದೆವು.

ಅವನು ಎಲ್ಲವನ್ನೂ ನೋಡುತ್ತ ಬಂದ. ಸ್ವಿಚ್ಚಿನ ಬಾಕ್ಸುಗಳೊಳಗೆ ಬೆರಳು ಹಾಕಿ ವೈರು ಮುಟ್ಟಿದ. ಕನ್ನಡಿ ಬರಬೇಕಿದ್ದ ಗೋಡೆಗೂ ಮೆಟ್ಟಿಲ ಬಾಗಿಲಿಗೂ ನಡುವೆ ಒಂದು ಕಡೆ ನಿಂತುಬಿಟ್ಟ. ಗೋಡೆಯನ್ನು ಬೆರಳಲ್ಲಿ ತಟ್ಟಿ, ನನ್ನ ಮುಖ ನೋಡಿ, "ಬುಡು" ಎಂದ.

"ಇಲ್ಲಿ ಸ್ವಿಚ್ಚು ಬೇಕಾಣ್ಣ?" ಎಂದೆ. ಅಲ್ಲವೆಂದು ತಲೆ ಅಲ್ಲಾಡಿಸಿದ.

"ಪೈಪ್ ಸರಿಯಿಲ್ವಾ?" ಹಿರಿಯ ಕೆಲಸಗಾರ ಕೇಳಿದ. ಅಲ್ಲ.

"ಅರ್ಥಿಂಗಾ? ಪ್ಲಗ್ಗಾ? ಇಲ್ಲಿ ಏನಾದರೂ ಮರೆತಿದ್ದೀವಾ?" ಅಲ್ಲ, ಅಲ್ಲ. ಮತ್ತೆ ತಟ್ಟಿದ. ಈ ಸಲ ಜೋರಾಗಿ. ಕೈಗೆ ಪೆನ್ಸಿಲು ಕೊಟ್ಟೆ. ಎಡಗೈಯಲ್ಲಿ ಗೋಡೆಯ ಮೇಲೆ ಒಂದು ಗೆರೆ ಎಳೆದ. ಅದರ ಪಕ್ಕಕ್ಕೆ ಇನ್ನೊಂದು. ಆಮೇಲೆ ಕೈ ನಿಂತುಹೋಯಿತು. ಅವನಿಗೇ ಅದು ಏನೆಂದು ತಿಳಿಯದಂತೆ ಆ ಎರಡು ಗೆರೆಗಳನ್ನು ನೋಡಿದ. ಪೆನ್ಸಿಲನ್ನು ಎಸೆದ. ಗೋಡೆಗೆ ಹಣೆ ಒತ್ತಿ ನಿಂತು ಅಳತೊಡಗಿದ. ನಾನು ಬೆನ್ನು ಸವರಿದೆ. ಯಜಮಾನರು ಮುಖ ತಿರುಗಿಸಿ ಕಿಟಕಿಯ ಕಡೆ ಹೋದರು.

ಮರುದಿನ ಆ ಗೋಡೆಯ ಬಾಕ್ಸುಗಳನ್ನೆಲ್ಲ ಬಿಚ್ಚಿಸಿದೆ. ಪ್ರತಿ ವೈರನ್ನೂ ಮೀಟರಿಟ್ಟು ನೋಡಿದೆ. ನಕ್ಷೆಯನ್ನು ಗೋಡೆಗೆ ಹೋಲಿಸಿದೆ. ಎಲ್ಲವೂ ಇರಬೇಕಾದ ಹಾಗೇ ಇತ್ತು. ಅವನಿಗೆ ಹಾಗಾದ ದಿನ ಸೀಮೆಸುಣ್ಣದ ಗುರುತು ಹಾಕುತ್ತಿದ್ದದ್ದು ಅಲ್ಲಿಯೇ ಇದ್ದಿರಬಹುದೇ, ಅದನ್ನು ಹೇಳಲು ಹೊರಟನೇ ಎಂದು ಕೆಲಸಗಾರರನ್ನು ಕೇಳಿದೆ. ಇಲ್ಲ, ಅದು ಆ ಕಡೆಯ ಗೋಡೆ ಎಂದರು. ಅಣ್ಣ ಅಂದು ಏನು ಹೇಳಲು ಹೊರಟಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಕಟ್ಟಡಕ್ಕೆ ಕರೆಂಟು ಕೊಡುವ ಮೊದಲು, ವೈರಿಂಗನ್ನು ನಿಯಮದಂತೆ ಮಾಡಿದ್ದೇವೆ ಎಂದು ಕಂಟ್ರಾಕ್ಟರು ಸಹಿ ಹಾಕಬೇಕು. ಅಣ್ಣನ ಕೈ ಸಹಿ ಹಾಕುವಂತಿರಲಿಲ್ಲ. ಕೈ ಬಂದಿದ್ದರೂ, ಮೇಲ್ವಿಚಾರಣೆ ಮಾಡಲಾರದವನ ಸಹಿಗೆ ಅರ್ಥವಿಲ್ಲ. ಚಾಮರಾಜನಗರದಲ್ಲೇ ಇನ್ನೊಬ್ಬ ಕಂಟ್ರಾಕ್ಟರು, ಅಣ್ಣನ ಸ್ನೇಹಿತ, ಎಲ್ಲವನ್ನೂ ಹೊಸದಾಗಿ ಪರೀಕ್ಷಿಸಿ ತನ್ನ ಹೆಸರಲ್ಲಿ ಸಹಿ ಮಾಡಲು ಒಪ್ಪಿದರು. ಅದನ್ನು ಅಣ್ಣನಿಗೆ ತಿಳಿಸದೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಮಧ್ಯಾಹ್ನ ಅವನು ಜಗುಲಿಯಲ್ಲಿ ಕೂತಿದ್ದ. ಎದುರಿಗೆ ಕೂತು ಹೇಳಿದೆ.

"ಅಣ್ಣಾ, ಗುಂಡ್ಲುಪೇಟೆ ಬಿಲ್ಡಿಂಗ್ ಕೆಲಸ ಮುಗೀತು. ಆದ್ರೆ ಕಾಗದದಲ್ಲಿ ನಿನ್ ಹೆಸ್ರು ಬರಲ್ಲ. ಬೇರೆಯವರು ಸಹಿ ಹಾಕ್ತಾರೆ."

ಅವನು ಬೀದಿಯ ಕಡೆ ನೋಡಿದ. ಒಬ್ಬಾಕೆ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದಳು. ಕೊನೆಯ ಕುರಿ ಮರೆಯಾಗುವವರೆಗೂ ನೋಡಿದ. ಆಮೇಲೆ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ನಿದ್ದೆ ಹೋದ ಕೂಸನ್ನು ಮಲಗಿಸುವಂತೆ ತೊಡೆಯ ಮೇಲಿಟ್ಟುಕೊಂಡ.

"ಬುಡು" ಎಂದ.

ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಪದ ಆಡಬೇಕಾದ ಜಾಗದಲ್ಲಿ ಬಂದಂತೆ ನನಗೆ ಕೇಳಿಸಿತು. ಬೇರೆ ಏನಾದರೂ ಹೇಳಲು ಹೊರಟಿದ್ದನೋ, ಅದೂ ಗೊತ್ತಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕರೆಂಟು ಬಂದ ದಿನ ಬೋರ್ಡಿನ ಕೋಣೆಯಲ್ಲಿ ನಾನೇ ನಿಂತು ಒಂದೊಂದೇ ಸ್ವಿಚ್ಚು ಎತ್ತಿದೆ. ಮೊದಲು ಕೆಳಗಿನ ಮಳಿಗೆಗಳು, ಆಮೇಲೆ ಹಾಲು, ಕೊನೆಗೆ ಸೀರೆ ಅಂಗಡಿ. ಎಲ್ಲಿಯೂ ಏನೂ ಸುಡಲಿಲ್ಲ, ಎಲ್ಲಿಯೂ ಟ್ರಿಪ್ ಆಗಲಿಲ್ಲ. ಮೇಲಕ್ಕೆ ಹೋಗಿ ನೋಡಿದರೆ ಸೀಲಿಂಗು ತುಂಬ ಬಿಳಿ ಚೌಕಗಳು ಉರಿಯುತ್ತಿದ್ದವು. ಯಜಮಾನರ ಮನೆಯವರು ಚಪ್ಪಾಳೆ ತಟ್ಟಿದರು. ಆಪರೇಷನ್ ಮಾಡುವ ಕೋಣೆಯ ಹಾಗಿತ್ತು ನನ್ನ ಕಣ್ಣಿಗೆ. ಪೂಜೆಯ ಪ್ರಸಾದ ಕೊಟ್ಟರು, ತಿಂದೆ. ಅಣ್ಣನಿಗೆಂದು ಇನ್ನೊಂದು ಪೊಟ್ಟಣ ಕಟ್ಟಿಕೊಟ್ಟರು.

ಮುಂದಿನ ಬೇಸಿಗೆಯಲ್ಲಿ ಅಣ್ಣ ತೀರಿಕೊಂಡ. ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟು ಗೋಡೆಗೊರಗಿದವನು ಮತ್ತೆ ಏಳಲಿಲ್ಲ. ಎರಡನೆಯ ಸಲದ ಹೊಡೆತ ಎಂದರು. ಹನ್ನೊಂದರ ದಿನ ಯಜಮಾನರು ಬಂದು ಊಟ ಮಾಡಿದರು. ಹೋಗುವಾಗ ನನ್ನ ಬಳಿ ನಿಂತು, "ಈಗ್ಲೂ ಹೆಂಗಸ್ರು ಸೀರೆ ತಕ್ಕೊಂಡು ಕಿಟಕಿ ತಾವ್ಕೆ ಓಯ್ತರೆ ಮೇಡಂ" ಎಂದರು. ದೀಪ ಬದಲಿಸಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಬೇಗೂರಿನ ಮಗಳು ಬಸುರಿಯಾದಳು. ಅವಳಿಗೆ ಸೀರೆ ತರಬೇಕು, ಆ ಅಂಗಡಿಯಲ್ಲೇ ತರಬೇಕು ಎಂದಳು ಅತ್ತಿಗೆ. ಅವಳು ಆ ಕಟ್ಟಡವನ್ನು ಒಮ್ಮೆಯೂ ನೋಡಿರಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಹೋದೆವು. ಯಜಮಾನರು ಊರಲ್ಲಿರಲಿಲ್ಲ. ಮಾರುವ ಹುಡುಗಿಯರು ನಮ್ಮನ್ನು ಗುರುತಿಸಲಿಲ್ಲ. ಎಲ್ಲ ಗಿರಾಕಿಗಳಂತೆ ನಮ್ಮನ್ನೂ ಗಾದಿಯ ಮುಂದೆ ಕೂರಿಸಿದರು. ಅತ್ತಿಗೆ ಹಸಿರಿನದೊಂದು ಆರಿಸಿದಳು. ಕನ್ನಡಿಯ ಮುಂದೆ ನಿಂತು ಹೆಗಲ ಮೇಲೆ ಹಾಕಿಕೊಂಡು ನೋಡಿದಳು, ಮಗಳಿಗೆ ಹೇಗೆ ಕಂಡೀತೆಂದು. ಆಮೇಲೆ ತಲೆಯೆತ್ತಿ ಸುತ್ತ ನೋಡಿ ಮೆಲ್ಲಗೆ ಕೇಳಿದಳು:

"ಇದ್ರಲ್ಲಿ ನಿಮ್ಮಣ್ಣ ಮಾಡಿದ್ದು ಯಾವ್ದವ್ವ?"

ಏನು ತೋರಿಸಲಿ? ಮೇಲಿನ ದೀಪಗಳು ಅವನವಲ್ಲ. ಕನ್ನಡಿ ಪಕ್ಕದ ದೀಪಗಳನ್ನು ಹಾಕಿಸಿದ್ದು ನಾನು. ಅವನು ಮಾಡಿದ್ದೆಲ್ಲ ತಾರಸಿಯ ಕಾಂಕ್ರೀಟಿನ ಒಳಗಿತ್ತು.

"ಒಳಗಡೆ ಅದೆ ಅತ್ತಿಗೆ" ಎಂದೆ. "ಕಾಣಲ್ಲ."

ಅವಳು ತಲೆಯಾಡಿಸಿದಳು. ಸೀರೆ ಕಟ್ಟಿಸಿಕೊಂಡೆವು. ಹೊರಗೆ ಬಿಸಿಲಿತ್ತು. ಚಾಮರಾಜನಗರದ ಬಸ್ಸು ತುಂಬಿ ಬಂತು. ಅತ್ತಿಗೆಗೆ ಹೇಗೋ ಒಂದು ಸೀಟು ಸಿಕ್ಕಿತು. ಸೀರೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಿಟಕಿಯಾಚೆ ನೋಡುತ್ತ ಕೂತಳು. ನಾನು ಅವಳ ಸೀಟಿನ ಕಂಬಿ ಹಿಡಿದು ತೆರಕಣಾಂಬಿಯವರೆಗೂ ನಿಂತೇ ಬಂದೆ.